ದಿವಾ ಬಿಟ್ಟ ಮೇಲೆ ಒಂದು ರಿಂಗ್

ಫೋನು ಒಂದೇ ಸಲ ಮೊಳಗಿ ಸುಮ್ಮನಾಗಬೇಕು. ಅದು ಮಗನ ಗುರುತು. ಎರಡನೆಯ ಸಲವೂ ಬಡಿದುಕೊಂಡರೆ ಬ್ಯಾಂಕಿನವರೋ, ಕೊರಿಯರ್ ಹುಡುಗನೋ, ಇಲ್ಲ ಊರ ಕಡೆಯ ಯಾವುದೋ ಸಾವಿನ ಸುದ್ದಿಯೋ ಆಗಿರುತ್ತದೆ. ಅದನ್ನು ಸೊಸೆ ಎತ್ತಿಕೊಳ್ಳುತ್ತಾಳೆ. ಒಂದೇ ಸಲ ಮೊಳಗಿದರೆ ಮಾತ್ರ ಮಹಾದೇವಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಏಳುತ್ತಾಳೆ. ಮಗ ಸ್ವಪ್ನಿಲ್ ಕೂತ ಲೋಕಲ್ ಗಾಡಿ, ಕೂತ ಎಂದರೆ ತಪ್ಪಾಯಿತು, ಬಾಗಿಲ ಕಂಬಿ ಹಿಡಿದು ನಿಂತ ಗಾಡಿ, ದಿವಾ ಸ್ಟೇಷನ್ ಬಿಟ್ಟಿತು ಎಂದು ಅದರ ಅರ್ಥ. ಇನ್ನು ಕೋಪರ್, ಆಮೇಲೆ ಡೊಂಬಿವಲಿ, ಆಮೇಲೆ ಹಳಿ ಮೇಲಿನ ಪುಲ್ ಹತ್ತಿ ಇಳಿದು, ಭಾಜಿ ಮಾರ್ಕೆಟ್ಟಿನ ಗರ್ದಿ ದಾಟಿ, ಲಿಫ್ಟಿಲ್ಲದ ಮೂರನೇ ಮಹಡಿ. ಅಷ್ಟರೊಳಗೆ ಹಂಚು ಕಾದು, ಹಿಟ್ಟು ನಾದಿ, ಮೊದಲ ರೊಟ್ಟಿ ಉಬ್ಬಿರಬೇಕು.

ಈ ಪದ್ಧತಿಯನ್ನು ಹಾಕಿಕೊಟ್ಟವಳು ಮಹಾದೇವಕ್ಕನೇ. ಮಗನಿಗೆ ಐರೋಲಿಯ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕ ಹೊಸದರಲ್ಲಿ ಅವನು ಬರುವ ಹೊತ್ತು ಒಂದಿದ್ದಂತೆ ಇನ್ನೊಂದಿರುತ್ತಿರಲಿಲ್ಲ. ಆರಿ ಚರ್ಮದಂತಾದ ರೊಟ್ಟಿಯನ್ನು ಅವನು ಹಲ್ಲಿನಲ್ಲಿ ಜಗ್ಗುವುದನ್ನು ನೋಡಲಾರದೆ, "ದಿವಾ ಬಿಟ್ಟ ಕೂಡ್ಲೆ ಒಂದ್ ರಿಂಗ್ ಕೊಟ್ಟು ಕಟ್ ಮಾಡೋ. ರೊಕ್ಕಾನೂ ಬೀಳೂದಿಲ್ಲ, ರೊಟ್ಟಿನೂ ಆರೂದಿಲ್ಲ" ಎಂದಿದ್ದಳು. ಅಂದಿನಿಂದ ಮದುವೆಯಾಯಿತು, ಮಗಳು ಹುಟ್ಟಿದಳು, ಫೋನು ಬದಲಾದವು. ರಿಂಗ್ ಮಾತ್ರ ತಪ್ಪಲಿಲ್ಲ.

"ಇಕಿಗೆ ಗಾಡಿ ಟೈಮು ಸ್ಟೇಷನ್ ಮಾಸ್ತರಗಿಂತ ಛಲೋ ಗೊತ್ತು" ಎಂದು ಬಾಳಪ್ಪ ಹೆಂಡತಿಯನ್ನು ಹಾಸ್ಯ ಮಾಡುತ್ತಿದ್ದ. ಲೋಕಲ್ ಗಾಡಿ ರಿಪೇರಿ ಮಾಡುವ ಕಳವಾ ಕಾರ್‌ಶೆಡ್ಡಿನಲ್ಲಿ ಫಿಟ್ಟರ್ ಆಗಿ ಸವೆದು ನಿವೃತ್ತನಾದವನು ಅವನು. ರಿಂಗ್ ಬರುವುದು ತಡವಾಗಿ ಅತ್ತೆ ಸೊಸೆ ಗಡಿಯಾರ ನೋಡತೊಡಗಿದರೆ, "ಗಾಡಿ ಏನ್ ನಿಮ್ಮ ಮಗನ್ನ ನುಂಗತೈತೇನು? ಅಂಜುಬುರುಕ್ಯಾರು!" ಎಂದು ಗದರಿ, ಚಪ್ಪಲಿ ಮೆಟ್ಟಿಕೊಂಡು ಗಾರ್ಡನ್ನಿಗೆ ವಾಕಿಂಗ್ ಹೊರಟುಬಿಡುತ್ತಿದ್ದ. ಅವನು ಶೆಡ್ಡಿನಲ್ಲಿದ್ದಷ್ಟು ವರ್ಷವೂ ಅಲ್ಲಿಯ ಕೆಲಸದ ಸುದ್ದಿ ಮನೆಯಲ್ಲಿ ತೆಗೆದವನಲ್ಲ. ಕೆಲವು ದಿನ ಮಾತ್ರ ಬಂದವನೇ ಯಾರನ್ನೂ ಮುಟ್ಟದೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದ, ಊಟ ಒಲ್ಲೆ ಎನ್ನುತ್ತಿದ್ದ. ಯಾಕೆಂದು ಮಹಾದೇವಕ್ಕ ಕೇಳಿರಲಿಲ್ಲ. ಕೇಳಿದರೆ ಹೇಳಿಬಿಟ್ಟಾನು ಎಂಬ ಭಯವಿತ್ತು.

ಆಷಾಢದ ಒಂದು ಭಾನುವಾರ ಸಂಜೆ, ಎಲ್ಲರೂ ಉಣ್ಣಲು ಕೂತಾಗ, ಸೊಸೆ ವೈಶಾಲಿ ಮಾತು ತೆಗೆದಳು. ಅವಳ ತವರು ರಬಕವಿ. ಅಣ್ಣ ಲೋಕನಾಥನಿಗೆ ಅಲ್ಲಿ ಮಗ್ಗಗಳಿವೆ, ಪೇಟೆಯಲ್ಲಿ ಸೀರೆಯಂಗಡಿ ಇದೆ.

"ಅಣ್ಣ ಫೋನ್ ಮಾಡಿದ್ದ, ಮಾಮಾ. ದಸರಾಕ್ಕ ಇನ್ನೊಂದ್ ಅಂಗಡಿ ತಗೀತಾನಂತ. ಹೊರಗಿನವ್ರ ಕೈಯಾಗ ಕೊಡೂದಕಿಂತ ಭಾವಾರ ನೋಡ್ಕೊಳ್ಳಲಿ ಅಂತಾನ."

ಬಾಳಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಂದ್ರ? ಎಲ್ಲಾರೂ ಗಂಟ ಕಟ್ಟಿ ರಬಕವಿಗೆ?"

"ಹೌದ್ರಿ. ಏನ್ ತಪ್ಪೈತಿ? ಇಲ್ಲಿ ಮಗಳು ಅಪ್ಪನ ಮುಖಾ ನೋಡೂದು ಐತವಾರ ಅಷ್ಟ. ಅಲ್ಲಿ ಮಧ್ಯಾಹ್ನ ಊಟಕ್ಕ ಮನಿಗೆ ಬರಬಹುದು. ಹಿತ್ತಲ ಐತಿ, ಕರಿಬೇವಿನ ಗಿಡ ಐತಿ. ಇಲ್ಲಿ ಬಾಲ್ಕನಿಯಾಗ ಒಂದ್ ತುಳಸಿ ಇಟ್ರ ಕೆಳಗಿನ ಮನಿಯಾಕಿ ನೀರ ಸೋರತೈತಿ ಅಂತ ಸೊಸೈಟಿಗೆ ಕಂಪ್ಲೇಂಟ್ ಕೊಡತಾಳ."

"ಅಲ್ಲಿ ಕರೆಂಟ್ ಹೋತಂದ್ರ ಬರೂದು ಗ್ಯಾರಂಟಿ ಇಲ್ಲ. ಈ ಹುಡುಗಿ ಸಾಲಿ?"

"ಅಲ್ಲೇನ್ ಸಾಲಿ ಇಲ್ಲೇನ್ರಿ? ನಾ ಕಲಿತಾಕಿ ಅಲ್ಲೇ."

"ಅದಕ್ಕ ಹೇಳಿದ್ದು" ಎಂದ ಬಾಳಪ್ಪ. ವೈಶಾಲಿಗೂ ನಗು ತಡೆಯಲಾಗಲಿಲ್ಲ.

ಎಂಟು ವರ್ಷದ ಮಾನಸಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಲ್ಲಿ ಬರುವುದು ಮಾತ್ರ ಹಿಂದಿ. "ವಹಾಂ ಸ್ವಿಮಿಂಗ್ ಪೂಲ್ ಹೈ ಕ್ಯಾ, ಆಜೋಬಾ?"

"ಪೂಲ್ ಯಾಕವ್ವಾ, ಕೃಷ್ಣಾ ಹೊಳೀನ ಐತಿ. ಮೊಸಳಿ ಸುದ್ಧಾ ಐತಿ."

"ರಿಯಲ್ ವಾಲಾ?" ಮಾನಸಿ ಅಮ್ಮನ ಮೈಗೆ ಅಂಟಿಕೊಂಡಳು.

"ಅಂಜಸಬ್ಯಾಡ್ರಿ ಮಾಮಾ ಹುಡುಗಿನ್ನ. ಈ ಊರಾಗ ಬಾಜೂ ಮನಿಯಾವ್ರು ಸತ್ರ ವಾಸನಿ ಬಂದ ಮ್ಯಾಲ ಗೊತ್ತಾಗತೈತಿ. ಅದಕಿಂತ ಮೊಸಳಿ ಪಾಡು."

"ಆ ಊರಾಗ ನೀ ಸೀತರ ಹತ್ತ ಮಂದಿ ಬಂದು, ಯಾಕ ಸೀತಿ, ಯಾರ ಮನ್ಯಾಗ ಏನ್ ತಿಂದು ಸೀತಿ ಅಂತ ಕೇಳತಾರ. ಅದು ಪಾಡೇನು?"

ಮಾತು ಹೀಗೆ ಎರಡೂ ಕಡೆ ಹಾರುತ್ತಿದ್ದರೆ ಸ್ವಪ್ನಿಲ್ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಕೊನೆಗೆ, "ಅವ್ವ ಏನಂತಾಳೋ ಅದ" ಎಂದ.

ಎಲ್ಲರೂ ಒಲೆಯ ಕಡೆ ತಿರುಗಿದರು. ಮಹಾದೇವಕ್ಕ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುತ್ತಿದ್ದಳು. ತಿರುಗದೆಯೇ ಹೇಳಿದಳು. "ನಾ ಒಲ್ಲೆ."

ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಸಂಗತಿ. ಸ್ವಪ್ನಿಲ್‌ಗಿಂತ ಮೊದಲು ಒಬ್ಬನಿದ್ದ. ಆಗ ಅವರಿದ್ದದ್ದು ರಬಕವಿಯ ಪಕ್ಕದಲ್ಲೇ. ಕೂಸಿಗೆ ಸಂಜೆ ಜ್ವರ ಏರಿ ಕಣ್ಣು ಮೇಲಾಯಿತು. ಊರಿಗಿದ್ದ ಒಬ್ಬ ಡಾಕ್ಟರು ಯಾರದೋ ಮದುವೆಗೆ ಹೋಗಿದ್ದರು. ಟೆಂಪೊ ಹುಡುಕಿ ಹೊರಟರೂ ಮಿರಜ್ ಆಸ್ಪತ್ರೆ ಮುಟ್ಟುವುದಾಗಲಿಲ್ಲ. ಅದಾದರೂ ದೇವರಿಟ್ಟ ಹಾಗೆ ಎಂದು ಅವಳು ನುಂಗಿಕೊಂಡಾಳು. ನುಂಗಲಾಗದೆ ಉಳಿದದ್ದು ಆಮೇಲಿನದು. ನಳಕ್ಕೆ ಹೋದರೆ, ಗಿರಣಿಗೆ ಹೋದರೆ, ಗುಡಿಗೆ ಹೋದರೆ ಒಬ್ಬೊಬ್ಬರೂ ಕೈ ಹಿಡಿದು ಕೇಳುತ್ತಿದ್ದರು: ಏನ್ ತಿನಸಿದ್ದಿ? ಥಂಡಿ ಗಾಳಿಯಾಗ ಒಯ್ದಿದ್ದ್ಯಾ? ಯಾರರ ದೃಷ್ಟಿ? ಕರುಣೆಯಿಂದಲೇ ಕೇಳುತ್ತಿದ್ದರು, ವರ್ಷಗಟ್ಟಲೆ ಕೇಳಿದರು. ಬಾಳಪ್ಪನಿಗೆ ರೈಲ್ವೆ ನೌಕರಿ ಹತ್ತಿ ಕಳವಾ ಊರಿನ ಒಂದು ಕೋಣೆಗೆ ಬಂದಿಳಿದ ದಿನ, ಸುತ್ತ ಅಷ್ಟು ಮಂದಿಯಿದ್ದೂ ಯಾರೊಬ್ಬರೂ ಅವಳನ್ನು ಏನೂ ಕೇಳಲಿಲ್ಲ. ಅಂದು ಅವಳು ಮೊದಲ ಸಲ ಹೊಟ್ಟೆತುಂಬ ಉಂಡಿದ್ದಳು. ಕೇಳದ ಊರು ಅವಳ ಪಾಲಿಗೆ ದೊಡ್ಡ ಊರು.

ಶ್ರಾವಣ ಬಂತು. ಪಂಚಮಿಗೆ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದರು. ಲೋಕನಾಥ ಎರಡು ಸಲ ಫೋನು ಮಾಡಿ, ಗಣಪತಿ ಹಬ್ಬ ಆಗುತ್ತಲೇ ಒಂದು ಮಾತು ಹೇಳಿ, ಇಲ್ಲವಾದರೆ ಬೇರೆ ಮನುಷ್ಯನನ್ನು ನೋಡುತ್ತೇನೆ ಎಂದ. ವೈಶಾಲಿ ಅತ್ತೆಯ ಮುಂದೆ ಆ ಸುದ್ದಿ ಎತ್ತಲಿಲ್ಲ. ಪಾತ್ರೆ ಮಾತ್ರ ದಿನಕ್ಕಿಂತ ಹೆಚ್ಚು ಸಪ್ಪಳ ಮಾಡಿದವು.

ಸ್ವಪ್ನಿಲ್‌ನಲ್ಲಿ ಏನೋ ಬದಲಾಗಿದ್ದು ಮಹಾದೇವಕ್ಕನ ಲಕ್ಷ್ಯಕ್ಕೆ ಬಂದದ್ದು ಆ ದಿನಗಳಲ್ಲಿಯೇ. ಮಾತು ಮೊದಲೇ ಕಡಿಮೆ, ಈಗ ಪೂರಾ ನಿಂತಿತ್ತು. ಗಾಡಿಯಿಂದ ಬಂದವನ ಅಂಗಿ ಬೆವರಿಗೆ ತೊಯ್ದು ಮುದ್ದೆಯಾಗಿರುವುದು ವಾಡಿಕೆ. ಈಗ ಅಂಗಿ ಒಣಗಿರುತ್ತಿತ್ತು, ಆದರೆ ಹುಬ್ಬಿನ ಕೂದಲಲ್ಲಿ ಧೂಳು, ಪ್ಯಾಂಟಿನ ಅಂಚಿನಲ್ಲಿ ಕೆಸರಿನ ಚುಕ್ಕೆ. ಬಟ್ಟೆ ತೊಳೆಯಲು ತೆಗೆದರೆ ಡೀಸೆಲ್ ಹೊಗೆಯ ವಾಸನೆ.

"ಏನಪಾ ಇದು, ಕೆಸರಾಗ ಹೊರಳ್ಯಾಡಿ ಬಂದಂಗ?"

"ಸ್ಟೇಷನ್ ಹೊರಗ ರೋಡ್ ಅಗದಾರವ್ವಾ."

ಮುನಸಿಪಾಲ್ಟಿಯವರು ಎಲ್ಲಾದರೊಂದು ಕಡೆ ಅಗೆಯುತ್ತಲೇ ಇರುತ್ತಾರೆ. ಅವಳು ನಂಬಿದಳು. ರಿಂಗ್ ತಪ್ಪದೆ ಬರುತ್ತಿತ್ತಲ್ಲ. ರಿಂಗ್ ಬಂದ ಮೇಲೆ ಮಗನೂ ಬರುತ್ತಿದ್ದನಲ್ಲ.

ಬಾಳಪ್ಪನೂ ಒಂದು ಬಗೆಯಾಗಿದ್ದ. ಹೆಂಗಸರನ್ನು ಹಾಸ್ಯ ಮಾಡುವುದು ನಿಂತಿತ್ತು. ವಾಕಿಂಗಿನಿಂದ ಬಂದವನು ಒಳಗಿನ ಖೋಲಿಗೆ ಹೋಗಿ, ಮಗ ಬಂದು ಊಟ ಮುಗಿಸುವವರೆಗೂ ಹೊರಗೆ ಬರುತ್ತಿರಲಿಲ್ಲ. ಹಸಿವಿಲ್ಲ ಎನ್ನುತ್ತಿದ್ದ. ಕಾರ್‌ಶೆಡ್ಡಿನ ಹಳೆಯ ದಿನಗಳ ಹಾಗೆಯೇ. ಮಹಾದೇವಕ್ಕ ಈಗಲೂ ಕೇಳಲಿಲ್ಲ. ಆದರೆ ಮಧ್ಯಾಹ್ನ ಕಾಳು ಆರಿಸುತ್ತ ಕೂತಾಗ ಅದೇ ಯೋಚನೆ ಬರುತ್ತಿತ್ತು. ಗಂಡ ಹೆಂಡತಿ ಜಗಳವೇ? ನೌಕರಿ ಹೋಯಿತೇ? ಅಥವಾ ಮೈಯಲ್ಲಿ ಏನಾದರೂ ಬೇನೆ ಇಟ್ಟುಕೊಂಡು ಮಗ ಮುಚ್ಚಿಡುತ್ತಿದ್ದಾನೆಯೇ?

ಗಣಪತಿ ಮುಳುಗಿದ ವಾರದಲ್ಲಿ ಮಳೆ ಹಿಡಿಯಿತು. ಆ ದಿನ ಬೆಳಗಿನಿಂದ ಬಿಟ್ಟೂಬಿಡದೆ ಸುರಿದು, ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚಬೇಕಾಯಿತು. ಬೇಡವೆಂದರೂ ಕೇಳದೆ ಬಾಳಪ್ಪ ಛತ್ರಿ ಹಿಡಿದು ಹೊರಟ. "ಗಾರ್ಡನ್ನಿನ್ಯಾಗ ಈ ಮಳ್ಯಾಗ ಯಾರ ಕುಂತಿರತಾರ್ರೀ?" ಎಂದು ವೈಶಾಲಿ ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದ.

ಸಂಜೆ ಎದುರು ಮನೆಯ ಜಯಲತಾ ಬಾಗಿಲು ತಟ್ಟಿದಳು. ಕುಂದಾಪುರದ ಕಡೆಯವಳು, ಗಂಡ ಸರ್ವೋತ್ತಮನದು ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರಿಕೆ.

"ಮಹಾದೇವಕ್ಕ, ಸ್ವಪ್ನಿಲ್ ಫೋನ್ ಬಂತಾ? ಗಾಡಿಯೇ ಇಲ್ಲವಂತೆ ಮಾರಾಯ್ರೆ. ಹಳಿ ಮೇಲೆ ನೀರು ನಿಂತಿದೆಯಂತೆ, ಥಾಣೆಯಿಂದ ಈಚೆಗೆ ಮಧ್ಯಾಹ್ನದಿಂದ ಒಂದೂ ಬಿಟ್ಟಿಲ್ಲವಂತೆ. ನಮ್ಮವರು ಅಲ್ಲೇ ಸ್ಟೇಷನ್ನಿನಲ್ಲಿ ನಿಂತಿದ್ದಾರೆ, ಕಾಲಿಡಲಿಕ್ಕೆ ಜಾಗ ಇಲ್ಲವಂತೆ."

ಟಿವಿಯಲ್ಲಿಯೂ ಅದೇ ಬರುತ್ತಿತ್ತು. ಮಾನಸಿ ಓದಿ ಹೇಳಿದಳು. "ಆಜ್ಜಿ, ಸಬ್ ಟ್ರೇನ್ ಬಂದ್."

"ಹಂಗಾರ ಇವತ್ತ ತಡಾ ಆಗತೈತಿ ಬಿಡು" ಎಂದು ಮಹಾದೇವಕ್ಕ ಜೋಳದ ಹಿಟ್ಟಿನ ಡಬ್ಬಿಯನ್ನು ಮತ್ತೆ ಮುಚ್ಚಿದಳು. ಕೈ ಇನ್ನೂ ಮುಚ್ಚಳದ ಮೇಲಿತ್ತು.

ಫೋನು ಒಂದೇ ಸಲ ಮೊಳಗಿ ಸುಮ್ಮನಾಯಿತು.

ಮೂವರು ಹೆಂಗಸರೂ ಅದನ್ನೇ ನೋಡಿದರು. ಸ್ವಪ್ನಿಲ್‌ನ ಹೆಸರು ಪರದೆಯ ಮೇಲೆ ಬೆಳಗಿ ಆರಿತು.

"ಓ, ಬಂದನಲ್ಲ! ಗಾಡಿ ಬಿಟ್ಟರು ಕಾಣುತ್ತದೆ" ಎಂದಳು ಜಯಲತಾ. ತಕ್ಷಣವೇ ಗಂಡನಿಗೆ ಫೋನು ಹಚ್ಚಿದಳು. "ಹೌದಾ? ಇನ್ನೂ ಇಲ್ಲವಾ? ಒಂದೂ ಇಲ್ಲವಾ?" ಎನ್ನುತ್ತ ಅವಳ ದನಿ ಸಣ್ಣದಾಯಿತು. ಮಹಾದೇವಕ್ಕನ ಮುಖ ನೋಡಲಾಗದೆ, "ಎಂತದೋ ನೆಟ್‌ವರ್ಕಿಂದು ಇರಬೇಕು" ಎಂದು ತನ್ನ ಮನೆಗೆ ಸರಿದಳು.

ಗಾಡಿ ಇಲ್ಲ. ದಿವಾ ಬಿಟ್ಟ ರಿಂಗ್ ಬಂದಿದೆ. ಹಾಗಾದರೆ ಒತ್ತಿದ ಕೈ ಯಾರದು?

ವೈಶಾಲಿ ತಿರುಗಿ ಫೋನು ಮಾಡಿದಳು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ. ಮಹಾದೇವಕ್ಕನಿಗೆ ಹಿಂದೆ ಯಾರೋ ಹೇಳಿದ್ದು ನೆನಪಾಯಿತು. ಹಳಿಯ ಬದಿ ಬಿದ್ದವರ ಫೋನು ಸಿಕ್ಕರೆ ಪೊಲೀಸರು ಕೊನೆಗೆ ಮಾತಾಡಿದ ನಂಬರಿಗೇ ಹಚ್ಚುತ್ತಾರಂತೆ. ಮಗನ ಫೋನಿನಲ್ಲಿ ಕೊನೆಯ ನಂಬರು ಯಾವಾಗಲೂ ಇದೇ.

"ಅತ್ತಿ, ಕುಂದರ್ರಿ ನೀವು. ಕುಂದರ್ರಿ."

ಅವಳು ಕೂರಲಿಲ್ಲ. ಕೈ ತಾನಾಗಿ ಗ್ಯಾಸ್ ಹಚ್ಚಿತು, ಹಂಚು ಇಟ್ಟಿತು, ಎಸರು ಕಾಯಿಸಿ ಹಿಟ್ಟಿಗೆ ಸುರಿಯಿತು. ರಿಂಗ್ ಬಂದಿದೆ, ರೊಟ್ಟಿ ಬಡಿಯಬೇಕು. ಬಡಿಯದೆ ನಿಂತರೆ ಅದು ನಿಜವಾಗುತ್ತದೆ. ಟಪ ಟಪ ಟಪ ಎಂದು ಕಟ್ಟಿಗೆಯ ಕೊಣಮಿಗೆಯಲ್ಲಿ ರೊಟ್ಟಿ ತಿರುಗತೊಡಗಿತು. ಹೊರಗೆ ಮಳೆ. ಮಾನಸಿ ಟಿವಿಯ ದನಿ ತೆಗೆದು ಅಜ್ಜಿಯ ಕೈಯನ್ನೇ ನೋಡುತ್ತ ನಿಂತಳು. ವೈಶಾಲಿ ಬಾಗಿಲಲ್ಲಿ ನಿಂತು ಮೆಟ್ಟಿಲಿಗೆ ಕಿವಿಗೊಟ್ಟಳು. ಮೊದಲ ರೊಟ್ಟಿ ಉಬ್ಬಿತು. ಯಾರೂ ಬರಲಿಲ್ಲ. ಎರಡನೆಯದು ಬೆಂದಿತು.

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು.

ಸ್ವಪ್ನಿಲ್ ಒಳಗೆ ಬಂದ. ತಲೆಯಿಂದ ನೀರು ಇಳಿಯುತ್ತಿತ್ತು, ಎದೆಯವರೆಗೂ ಕೆಸರು ಸಿಡಿದಿತ್ತು. ಚೀಲ ಕೆಳಗಿಡುತ್ತ, ದಿನದ ಹಾಗೆಯೇ ಅಂದ: "ಇವತ್ತ ಗಾಡ್ಯಾಗ ಏನ್ ಗರ್ದಿ ಅವ್ವಾ!"

ವೈಶಾಲಿ ಬಾಗಿಲಿನಿಂದ ಸರಿದು ನಿಂತಳು.

"ಯಾವ ಗಾಡಿ?" ಎಂದಳು ಮಹಾದೇವಕ್ಕ.

"ಯಾವ್ದಂದ್ರ... ದಿನಾ ಬರೂದು."

"ಗಾಡಿ ಮಧ್ಯಾಹ್ನದಿಂದ ಬಂದ್ ಅದಾವ. ಯಾವ ಗಾಡ್ಯಾಗ ಬಂದಿ? ಎಲ್ಲಿಂದ ರಿಂಗ್ ಕೊಟ್ಟಿ?"

ಅವನು ಟಿವಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಬಾಳಪ್ಪ ಬಂದು ನಿಂತಿದ್ದ. ಛತ್ರಿ ಮಡಚಿಯೇ ಇತ್ತು. ಮುದುಕ ಪೂರ್ತಿ ತೊಯ್ದಿದ್ದ.

"ಹೇಳಿಬಿಡೋ" ಎಂದ ಅವನು. "ನೀ ಗಾಡಿ ಬಿಟ್ಟು ಭಾಳ ದಿನಾ ಆತು. ನಾನೂ ಎಷ್ಟಂತ ಬಾಯಿ ಕಟ್ಟಿಕೊಂಡಿರ್ಲಿ?"

"ನಿಮಗ... ನಿಮಗ ಹೆಂಗ ಗೊತ್ತು ಅಪ್ಪಾ?"

"ನಾ ದಿನಾ ಸ್ಟೇಷನ್ ಪುಲ್ ಮ್ಯಾಲ ನಿಂತಿರ್ತೇನಿ. ನಿನಗ ನೌಕರಿ ಹತ್ತಿದ ದಿನದಿಂದ. ನೀ ಇಳದಿದ್ದ ನೋಡಿ, ನಿನಕಿಂತ ಮೊದಲ ಅಡ್ಡ ಗಲ್ಲಿ ಹಿಡದು ಮನಿಗೆ ಬರ್ತೇನಿ." ಅವನು ಛತ್ರಿಯನ್ನು ಮೂಲೆಗೆ ಆನಿಸಿದ. "ಪಂಚಮಿ ಆದ ಮ್ಯಾಲ ನೀ ಇಳಿಯೂದ ಇಲ್ಲ. ಮನಿಗೆ ಬಂದ್ರ ಇಕಿ ರೊಟ್ಟಿ ಬಡ್ಯಾಕತ್ತಿರ್ತಾಳ, ರಿಂಗ್ ಬಂತು ಅಂತಾಳ. ಹಿಂದಿಂದ ನೀ ಬರ್ತಿ. ನಾ ಏನಂತ ಕೇಳ್ಲಿ? ಕೇಳಿದ್ರ ಏನ್ ಹೇಳ್ತೀಯೋ ಅಂತ ಅಂಜಿಕಿ."

ಇಷ್ಟು ವರ್ಷ ಹೆಂಗಸರಿಗೆ ಅಂಜುಬುರುಕಿಯರು ಎಂದವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಸ್ವಪ್ನಿಲ್ ನೆಲದ ಮೇಲೆ ಗೋಡೆಗೆ ಒರಗಿ ಕೂತ. "ಸೂರಜ್‌ನ ಬೈಕ್ ಮ್ಯಾಲ ಬರ್ತೇನಿ" ಎಂದ. ಸೂರಜ್ ಅವನ ಆಫೀಸಿನವನೇ, ಡೊಂಬಿವಲಿಯಲ್ಲೇ ಮನೆ. "ಮಹಾಪೆ, ಶಿಳ್‌ಫಾಟಾ ಮ್ಯಾಲಿಂದ. ಕಟಾಯಿ ನಾಕಾದಾಗ ಸಿಗ್ನಲ್ ಬೀಳತೈತಿ. ಅಲ್ಲಿಂದ ರಿಂಗ್ ಕೊಡ್ತೇನಿ."

"ಆ ಕಂಟೇನರ್ ರೋಡಿನ್ಯಾಗ? ಈ ಮಳ್ಯಾಗ?" ವೈಶಾಲಿ ಕೂಗಿದಳು. "ಅಲ್ಲಿ ಖಡ್ಡಾದಾಗ ಬಿದ್ರ ಎತ್ತಾಕೂ ಸಿಗೂದಿಲ್ಲರಿ! ಗಾಡಿ ಯಾಕ ಬಿಟ್ರಿ ನೀವು?"

ಹಂಚಿನ ಮೇಲೆ ರೊಟ್ಟಿ ಸುಡುವ ವಾಸನೆ ಎದ್ದಿತು. ಯಾರೂ ತಿರುವಲಿಲ್ಲ.

"ಬಾಗಲದಾಗ ನನ್ನ ಬಾಜೂಕ ದಿನಾ ಒಬ್ಬಾಂವ ನಿಂದರ್ತಿದ್ದ. ಕಲ್ಯಾಣದಾಂವ. ಹೆಸರ ಗೊತ್ತಿಲ್ಲ. ಮುಖಾ ನೋಡಿ ನಗತಿದ್ವಿ, ಅಷ್ಟ. ಪಂಚಮಿ ಮರದಿನಾ... ದಿವಾ ಬಿಡ್ತು. ನಾ ಒಂದ್ ಕೈಲೆ ಕಂಬಿ ಹಿಡದು, ಒಂದ್ ಕೈಲೆ ಫೋನ್ ತಗದೆ, ರಿಂಗ್ ಕೊಟ್ಟೆ. ಅಂವ ನೋಡಿ ನಕ್ಕ. ದಿನಾ ಯಾರಿಗ್ ಕೊಡ್ತಿ ಅಂತ ಕೇಳಿದ. ಅವ್ವಗ, ರೊಟ್ಟಿ ಬಿಸಿ ಇರ್ತಾವ ಅಂದೆ. 'ಅಚ್ಛಾ ಆಯ್ಡಿಯಾ ಹೈ, ಮೈ ಭೀ ಬೋಲ್ತಾ ಹೂಂ, ಚಾಯ್ ರಖ್' ಅಂದ. ಕಂಬಿ ಹಿಡದ ಕೈ ಬಿಟ್ಟು ಫೋನ್ ತಗ್ಯಾಕ ಕಿಸೆಕ್ಕ ಹಾಕಿದ."

ಮಾನಸಿ ಇನ್ನೂ ನಿಂತೇ ಇದ್ದಳು. ವೈಶಾಲಿ ಮಗಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಗಾಡಿ ನಿಲ್ಲಲಿಲ್ಲ" ಎಂದ ಸ್ವಪ್ನಿಲ್. "ಎರಡ್ ಮೂರ್ ಮಂದಿ ಒದರಿದ್ರು. ಆಮ್ಯಾಲ ಬಾಗಲದಾಗ ಜಾಗಾ ಆತಂತ ಒಳಗಿನವ್ರು ಒಂದ್ ಹೆಜ್ಜಿ ಮುಂದ ಸರದ್ರು. ಡೊಂಬಿವಲಿ ಬಂತು, ಇಳದೆ. ಯಾರೂ ಏನೂ ಕೇಳಲಿಲ್ಲ. ಮನಿಗೆ ಬಂದೆ. ರೊಟ್ಟಿ ತಿಂದೆ."

ಆ ಸಂಜೆ ಮಹಾದೇವಕ್ಕನಿಗೆ ಚೆನ್ನಾಗಿ ನೆನಪಿತ್ತು. ಪಂಚಮಿಯ ಮರುದಿನ. ರಿಂಗ್ ಸಮಯಕ್ಕೆ ಸರಿಯಾಗಿ ಬಂದಿತ್ತು. ರೊಟ್ಟಿ ಎಂದಿಲ್ಲದಷ್ಟು ತೆಳ್ಳಗೆ ಎದ್ದಿದ್ದವು. ಮಗ ತಲೆಯೆತ್ತದೆ ತಿಂದಿದ್ದ. ಅವಳು ಖುಷಿಯಿಂದ ತುಪ್ಪ ಸವರಿ ಇನ್ನೊಂದು ಹಾಕಿದ್ದಳು.

ಬಾಳಪ್ಪ ಮೆಲ್ಲಗೆ ಹೇಳಿದ. "ಶೆಡ್ಡಿಗೆ ಬರ್ತಿದ್ವು ಅಂಥಾ ಬೋಗಿ. ಬಾಗಲದ ಕೆಲಸ ನಂದ ಇರ್ತಿತ್ತು."

ಮಹಾದೇವಕ್ಕ ಗ್ಯಾಸ್ ಆರಿಸಿದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಅಂಚು ಮೇಲೆದ್ದಿತ್ತು. ಹಿಟ್ಟು ಮೆತ್ತಿದ ಕೈಗಳನ್ನು ಮುಂದೆ ಹಿಡಿದುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡಿದಳು. ಬಿಸಿ ರೊಟ್ಟಿಯ ಆಸೆಗೆ ದಿನಾ ಸಂಜೆ ಮಗನ ಒಂದು ಕೈಯನ್ನು ಕಂಬಿಯಿಂದ ಬಿಡಿಸಿದವಳು ತಾನು.

ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಸೊಸೆ ಮೆಂತ್ಯೆ ಸೋಸುತ್ತಿದ್ದಳು. ಮಹಾದೇವಕ್ಕ ಎದುರಿಗೆ ಬಂದು ಕೂತು, "ನಿಮ್ಮಣ್ಣಗ ಫೋನ್ ಹಚ್ಚು" ಎಂದಳು. ಹಚ್ಚಿ ಕೊಟ್ಟ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಲೋಕನಾಥಾ, ಒಂದ್ ಕೇಳತೇನಿ, ಖರೇ ಹೇಳಬೇಕು. ನಿಮ್ಮೂರಾಗ ಹುಡುಗುರ ಡಾಕ್ಟರ್ ಅದಾರೇನು?"

"ಇಬ್ಬರ ಅದಾರ್ರೀ ಅಕ್ಕಾರ."

"ಹೊತ್ತಲ್ಲದ ಹೊತ್ತಿನ್ಯಾಗ ಬಾಗಲಾ ಬಡದ್ರ ತಗೀತಾರೇನು?"

ಆ ಕೂಸಿನ ಸಂಗತಿ ಲೋಕನಾಥನಿಗೂ ಗೊತ್ತಿತ್ತು. "ಒಬ್ಬರು ತಗೀತಾರ್ರಿ. ಇನ್ನೊಬ್ಬರು ಸಂಜಿಗೆ ಜಮಖಂಡಿಗೆ ಹೋಗತಾರ. ಸುಳ್ಳ ಹೇಳೂದಿಲ್ಲ ನಾ. ಆದ್ರ ನನ್ನ ಕಾರ್ ಬಾಗಲದಾಗ ಇರತೈತಿ. ಮಿರಜ್ ರೋಡ್ ಈಗ ಮೊದಲಿನಂಗಿಲ್ರಿ."

"ಆತು. ಐದ್ ಮಂದಿಗೆ ಆಗೂವಂಥಾ ಮನಿ ನೋಡು. ಡಾಕ್ಟರ್ ಮನಿ ಸನೇಕ ನೋಡು."

ವೈಶಾಲಿಯ ಕೈಯಲ್ಲಿ ಮೆಂತ್ಯೆಯ ಕಡ್ಡಿ ಹಾಗೆಯೇ ಉಳಿಯಿತು. ಬೇಕಾಗಿದ್ದು ಕೈಗೆ ಬಂದಾಗ ಅವಳಿಗೂ ಅಂಜಿಕೆಯಾಯಿತು. "ಅತ್ತಿ, ಅಲ್ಲಿ ನಳದ ಮುಂದ ಮತ್ತ ಮಂದಿ ಕೇಳಾಕತ್ರ? ಇಷ್ಟ ವರ್ಷದ ಮ್ಯಾಲ ಯಾಕ ಬಂದ್ರಿ, ಏನಾತು, ಅಂತ?"

"ಕೇಳಲಿ" ಎಂದಳು ಮಹಾದೇವಕ್ಕ. "ಕೇಳಾವ್ರರ ಇರ್ಲಿ."

ಆದರೆ ಹೊರಡುವ ಮುನ್ನ ಒಂದು ತಿಂಗಳಿತ್ತು. ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಕೆಲಸ ಮಾಡಲೇಬೇಕೆಂದು ಆಫೀಸಿನ ಕಾಯಿದೆ. ಆ ಒಂದು ತಿಂಗಳು ಅವರ ಎದುರು ಕೃಷ್ಣೆಯ ಮಡುವಿನ ಹಾಗೆ ಮಲಗಿತ್ತು. ಬೈಕು ಬೇಡವೆಂದು ವೈಶಾಲಿ ಅನ್ನ ಬಿಟ್ಟು ಕೂತಳು. ಬಾಳಪ್ಪ ಮಗನನ್ನು ಕೂರಿಸಿಕೊಂಡು, ಕಾರ್‌ಶೆಡ್ ಬಿಟ್ಟ ಮೇಲೆ ಮೊದಲ ಸಲ, ಗಾಡಿಯ ಬಗ್ಗೆ ಬಾಯಿಬಿಟ್ಟು ಮಾತಾಡಿದ. "ಥಾಣೆಯಿಂದನ ಹೊಂಡೂ ಖಾಲಿ ಗಾಡಿ ಹಿಡಿ. ತಡಾ ಆದ್ರ ಆಗ್ಲಿ. ಸೀಟ್ ಸಾಲಿನ ನಡಕ ಹೋಗಿ ನಿಂದ್ರು. ಬಾಗಲದಾಗ ಎಷ್ಟ ಗಾಳಿ ಬರ್ಲಿ, ಬ್ಯಾಡ."

"ಮತ್ತ ಫೋನ್ ಮುಟ್ಟಬ್ಯಾಡ" ಎಂದಳು ಮಹಾದೇವಕ್ಕ. "ಇನ್ನ ರಿಂಗ್ ಬ್ಯಾಡ."

ಅವಳು ಮಧ್ಯಾಹ್ನವೇ ಖಡಕ್ ರೊಟ್ಟಿ ಮಾಡತೊಡಗಿದಳು. ಎಳ್ಳು ಹಚ್ಚಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಗರಿಗರಿಯಾಗುವವರೆಗೂ ಒತ್ತಿ ಒಣಗಿಸಿ, ಬುಟ್ಟಿಯಲ್ಲಿ ಒಂದರ ಮೇಲೊಂದು ನಿಲ್ಲಿಸಿದಳು. ಈ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಯಾರ ದಾರಿಯನ್ನೂ ಕಾಯುವುದಿಲ್ಲ. ಸಂಜೆಯಾದರೆ ಅಡುಗೆಮನೆಯಲ್ಲಿ ಅವಳಿಗೆ ಕೆಲಸವೇ ಉಳಿಯುತ್ತಿರಲಿಲ್ಲ. ಅದೇ ಹೊಸ ಹಿಂಸೆಯಾಯಿತು. ಮೊದಲು ರಿಂಗ್ ಬರುವವರೆಗೆ ಹೆದರಿಕೆ, ಬಂದ ಮೇಲೆ ನೆಮ್ಮದಿ ಇರುತ್ತಿತ್ತು. ಈಗ ಹೆದರಿಕೆಗೆ ತುದಿಯೇ ಇಲ್ಲ. ಹೊತ್ತಾದಾಗ ಅವಳ ಅಂಗೈ ತಾನಾಗಿ ತೊಡೆಯ ಮೇಲೆ ಟಪ ಟಪ ಬಡಿಯುತ್ತಿತ್ತು. ಮಾನಸಿ ಅದನ್ನು ನೋಡಿ ಕೈ ಹಿಡಿದುಕೊಳ್ಳುತ್ತಿದ್ದಳು.

ಒಂದು ಸಂಜೆ ಬಾಳಪ್ಪ ಚಪ್ಪಲಿ ಮೆಟ್ಟುವಾಗ ಅವಳೂ ಎದ್ದಳು.

"ಎಲ್ಲಿಗೆ ನೀ?"

"ನೀವ್ ಹೋಗೂ ಗಾರ್ಡನ್ನಿಗೆ."

ಅವನು ಬೇಡ ಎನ್ನಲಿಲ್ಲ. ಮೆಟ್ಟಿಲು ಇಳಿಯುವಾಗ ಅವಳ ಮಂಡಿ ನೋಯುತ್ತದೆಂದು ಒಂದೊಂದೇ ಮೆಟ್ಟಿಲಿಗೆ ನಿಂತ.

ಪುಲ್ ಮೇಲೆ, ಜಾಹೀರಾತಿನ ಹಲಗೆಯ ಪಕ್ಕ, ಅವನಿಗೊಂದು ಜಾಗವಿತ್ತು. ಅಲ್ಲಿನ ಕಂಬಿ ಅವನ ಕೈ ತಾಗಿ ತಾಗಿ ನುಣುಪಾಗಿತ್ತು. ಮಂದಿ ಹೊಳೆಯ ಹಾಗೆ ಹಿಂದಿನಿಂದ ಹರಿಯುತ್ತಿದ್ದರು. ಈ ಊರಿನಲ್ಲಿ ಇಷ್ಟು ವರ್ಷ ಕಳೆದರೂ ಗಾಡಿ ಬರುವುದನ್ನು ಮೇಲಿನಿಂದ ಅವಳು ನೋಡಿರಲಿಲ್ಲ. ಕೋಪರ್ ಕಡೆಯ ತಿರುವಿನಿಂದ ದೀಪ ಕಂಡಿತು. ಗಾಡಿ ಹತ್ತಿರವಾದಂತೆ ಪ್ರತಿ ಬಾಗಿಲಿನಿಂದಲೂ ಜನ ಜೋಳದ ತೆನೆಗಳ ಹಾಗೆ ಹೊರಕ್ಕೆ ಬಾಗಿ ತೂಗುತ್ತಿದ್ದರು. ಮಹಾದೇವಕ್ಕ ಗಂಡನ ಮೊಣಕೈ ಹಿಡಿದಳು.

"ಇದರಾಗ ಇರೂದಿಲ್ಲ" ಎಂದ ಅವನು. "ಇದರ ಹಿಂದಿಂದು."

ಹಿಂದಿನದು ಬಂತು. ನಿಲ್ಲುವ ಮೊದಲೇ ಜನ ಉದುರಿದರು. ಮುಖಗಳು, ಚೀಲಗಳು, ತಲೆಗಳು. ಬಾಳಪ್ಪನ ತುಟಿ ಅಲುಗುತ್ತಿತ್ತು. ಪ್ಲಾಟ್‌ಫಾರ್ಮ್ ತುಂಬಿತು, ತೆಳುವಾಗತೊಡಗಿತು. ಗಾಡಿ ಕಲ್ಯಾಣದ ಕಡೆ ಹೊರಟೂಬಿಟ್ಟಿತು.

"ಎಲ್ಲಿ?" ಎಂದಳು ಅವಳು. "ಎಲ್ಲಿ ರೀ?"

ಅವನ ಮೊಣಕೈ ಅವಳ ಹಿಡಿತದಲ್ಲಿ ಕಲ್ಲಾಗಿತ್ತು.

ಅವಳ ಕೈಯಲ್ಲಿದ್ದ ಫೋನು ಮೊಳಗಿತು. ಒಂದೇ ಸಲ.

ಬೆಚ್ಚಿ ಕೆಳಗೆ ನೋಡಿದಳು. ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಚಹದಂಗಡಿಯ ಕಂಬಕ್ಕೆ ಒರಗಿ, ಎರಡೂ ಕಾಲು ನೆಲಕ್ಕೂರಿ ಸ್ವಪ್ನಿಲ್ ನಿಂತಿದ್ದ. ಚೀಲ ಎದೆಗೆ ಕಟ್ಟಿಕೊಂಡಿದ್ದ. ಫೋನನ್ನು ನೋಡಿ ಕಿಸೆಗೆ ಹಾಕಿ, ಪುಲ್ಲಿನ ಕಡೆ ನಡೆಯತೊಡಗಿದ. ಮೇಲೆ ನೋಡಲಿಲ್ಲ.

ಬ್ಯಾಡ ಅಂದಿದ್ದೆನಲ್ಲ ಎಂದು ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು.

ಬಾಳಪ್ಪ ಒದ್ದೆಯಾದ ಮೀಸೆಯನ್ನು ಅಂಗೈಯಿಂದ ಒರೆಸಿಕೊಂಡ. "ಮನ್ಯಾಗ ಹಿಟ್ಟ ಐತಿಲ್ಲೋ?"

"ಐತಿ."

"ಹಂಗಾರ ನಡಿ, ಅಡ್ಡ ಗಲ್ಲಿ ಹಿಡದು ಹೋಗೂಣು. ಅಂವ ಮುಟ್ಟೂದ್ರಾಗ ಹಂಚ ಕಾಯಬೇಕು."